ಬೇಲಿಯಾಚೆಯ ಕೆಸರು

ಮುಂಬೈಗೆ ಬಂದ ಮೊದಲ ಮಳೆಗಾಲ. ಜುಲೈನ ಒಂದು ಸಂಜೆ ಫ್ಯಾಷನ್ ಸ್ಟ್ರೀಟ್‌ನಲ್ಲಿ ರೇನ್‌ಕೋಟ್ ತಗೊಂಡು ವಿಟಿ ರೈಲ್ವೆ ಸ್ಟೇಷನ್ ಕಡೆ ಹೊರಟಿದ್ದೆ. ಬಾಂಬೆ ಜಿಮ್ಖಾನಾ ಮೈದಾನದ ಬೇಲಿ ಹತ್ತಿರ ಬಂದಾಗ ಧೊಪ್ ಅಂತ ಸದ್ದಾಯಿತು, ಅಕ್ಕಿ ಮೂಟೆ ಬಿದ್ದ ಹಾಗೆ. ತಿರುಗಿ ನೋಡಿದೆ. ಒಬ್ಬ ಹುಡುಗ ಮೊಟ್ಟೆಯಾಕಾರದ ಚೆಂಡನ್ನು ಎದೆಗೆ ಅವುಚಿಕೊಂಡು ಕೆಸರಲ್ಲಿ ಬಿದ್ದಿದ್ದ. ಅವನ ಮೇಲೆ ಇಬ್ಬರು!

ಆ ಮೈದಾನ ನನಗೆ ಗೊತ್ತಿದ್ದದ್ದು ಕ್ರಿಕೆಟ್‌ನಿಂದ. ನಮ್ಮ ನೆಲದಲ್ಲಿ ಮೊದಲ ಟೆಸ್ಟ್ ನಡೆದದ್ದು ಅಲ್ಲೇ, 1933ರ ಡಿಸೆಂಬರ್‌ನಲ್ಲಿ. ಲಾಲಾ ಅಮರನಾಥ್ 118 ಹೊಡೆದು ಭಾರತಕ್ಕೆ ಮೊದಲ ಟೆಸ್ಟ್ ಶತಕ ತಂದುಕೊಟ್ಟದ್ದೂ ಅಲ್ಲೇ. ಅಪ್ಪ ಈ ಕತೆಯನ್ನು ಎಷ್ಟು ಸಲ ಹೇಳಿದ್ದರೋ. ಮಳೆ ಬಂತೆಂದರೆ ಅದೇ ಹುಲ್ಲಿನ ಮೇಲೆ ರಗ್ಬಿ ಶುರುವಾಗುತ್ತದೆ ಅಂತ ಮಾತ್ರ ಅವರೂ ಹೇಳಿರಲಿಲ್ಲ.

ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದ ಹಿರಿಯರೊಬ್ಬರು ನನ್ನ ಮುಖ ನೋಡಿ ತಾವಾಗಿಯೇ ಮಾತು ತೆಗೆದರು. ನೆಲ ಮೆತ್ತಗಿರಬೇಕು, ಇಲ್ಲದಿದ್ದರೆ ಮೊಣಕೈ ಮೊಣಕಾಲಿನ ಚರ್ಮ ಉಳಿಯಲ್ಲ ಅಂದರು. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ, ಪಕ್ಕಕ್ಕೋ ಹಿಂದಕ್ಕೋ ಕೊಡಬೇಕು ಅಂತಲೂ ಅವರೇ ಹೇಳಿದ್ದು. ಅದು ತಿಳಿದ ಮೇಲೆ ಆಟವೇ ಬೇರೆ ಥರ ಕಂಡಿತು. ಮುಂದೆ ಹೋಗೋದಕ್ಕೆ ಹಿಂದಿರುವವನನ್ನು ನಂಬಲೇಬೇಕು, ಅಲ್ವಾ?

ಆಮೇಲೆ ಸ್ಕ್ರಮ್ ಕಟ್ಟಿದರು, ಅಂದರೆ ಚೆಂಡಿಗಾಗಿ ಎರಡೂ ತಂಡದವರು ಒಬ್ಬರನ್ನೊಬ್ಬರು ತಳ್ಳುವ ಗುಂಪು. ಎಂಟು ಜನ ಈ ಕಡೆ, ಎಂಟು ಜನ ಆ ಕಡೆ, ಹೆಗಲಿಗೆ ಹೆಗಲು ಕೊಟ್ಟು ಬಗ್ಗಿದರು. ಅಷ್ಟು ಮಳೆಯಲ್ಲೂ ಅವರ ಬೆನ್ನಿನಿಂದ ಹಬೆ ಏಳುತ್ತಿತ್ತು. ಬೂಟಿನ ಮೊಳೆಗಳು ಹುಲ್ಲನ್ನು ಬುಡಸಮೇತ ಕಿತ್ತು ಹಿಂದಕ್ಕೆ ಚಿಮ್ಮಿಸುತ್ತಿದ್ದವು. ಅಮರನಾಥ್ ಓಡಿದ ನೆಲ ಇದು ಅಂತ ಒಂದು ಕ್ಷಣ ಹೊಟ್ಟೆ ಚುರುಕ್ ಅಂದಿತು.

ಆಮೇಲಾಮೇಲೆ ಓದಿ ತಿಳಿದುಕೊಂಡೆ. ಈ ಕ್ಲಬ್ ಶುರುವಾದದ್ದು 1875ರಲ್ಲಿ. ಬಹಳ ಕಾಲ ಭಾರತೀಯರಿಗೆ ಸದಸ್ಯತ್ವವೇ ಇರಲಿಲ್ಲ. 1924ರಲ್ಲಿ ಅಖಿಲ ಭಾರತ ರಗ್ಬಿ ಟೂರ್ನಿ ಶುರುವಾದಾಗಲೂ ಆಡುತ್ತಿದ್ದವರು ಹೆಚ್ಚಾಗಿ ಬ್ರಿಟಿಷ್ ಸೈನಿಕರು. 1998ರಲ್ಲಿ ಭಾರತ ಮೊದಲ ಅಂತಾರಾಷ್ಟ್ರೀಯ ರಗ್ಬಿ ಪಂದ್ಯ ಆಡಿತು. ಆ ತಂಡದಲ್ಲಿದ್ದ ನಟ ರಾಹುಲ್ ಬೋಸ್ ಇದೇ ಜಿಮ್ಖಾನಾದ ಆಟಗಾರ.

ಆ ಸಂಜೆ ಇದ್ಯಾವುದೂ ಗೊತ್ತಿರಲಿಲ್ಲ. ಸುಮ್ನೆ ನೋಡುತ್ತಾ ನಿಂತೆ. ಚೆಂಡು ಎಲ್ಲೆಲ್ಲೋ ಪುಟಿದು ಬೇಲಿ ಹತ್ತಿರ ಬಂತು. ತಗೊಳ್ಳೋಕೆ ಬಂದವನು ಮೊದಲು ಬಿದ್ದಿದ್ದನಲ್ಲ, ಅದೇ ಹುಡುಗ. ಹದಿನಾರು ಹದಿನೇಳು ಇರಬಹುದು. ಬಾಯಿಂದ ಮೌತ್‌ಗಾರ್ಡ್ ತೆಗೆದು ಮಳೆಗೆ ಹಿಡಿದ. ಮಣ್ಣು ತೊಳೆದುಹೋಗುವವರೆಗೂ ಕಾದು, ಮತ್ತೆ ಹಲ್ಲಿಗೆ ಕಚ್ಚಿಕೊಂಡ. "ಕಿತ್ನಾ ಟೈಮ್ ಹೈ, ಅಂಕಲ್?" ಅಂತ ಕೊಡೆಯವರನ್ನು ಕೇಳಿದ. ಹತ್ತು ನಿಮಿಷ ಅಂದರು. ಅವನ ಮುಖ ಅರಳಿತು. ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಕೆಸರಿಗೆ ವಾಪಸ್ ಓಡಿದ.

ನಾನು ರೇನ್‌ಕೋಟ್ ಹಾಕಿಕೊಂಡು ಆ ಹತ್ತು ನಿಮಿಷವೂ ನಿಂತೆ.