ಸಿಸ್ಟರ್‌ಗೆ ಗೊತ್ತಿತ್ತು

2019ರಲ್ಲಿ ಎಂಬಿಬಿಎಸ್ ಪಠ್ಯಕ್ರಮ ಬದಲಾದಾಗ, ವೈದ್ಯರಾಗುವವರು ಚಿಕಿತ್ಸೆ ಕೊಡುವುದರ ಜೊತೆಗೆ ತಂಡವನ್ನು ಮುನ್ನಡೆಸಲೂ ಬಲ್ಲವರಾಗಿರಬೇಕು ಎಂಬುದು ಅದರಲ್ಲಿ ಸೇರಿತು. ಸ್ಲೈಡ್ ತೋರಿಸಿ ಇದನ್ನು ಕಲಿಸಬಹುದೆಂಬ ನಂಬಿಕೆ ನನಗಿಲ್ಲ. ಹಾಗಾಗಿ ಬೆಂಗಳೂರಿನ ನಮ್ಮ ಕಾಲೇಜಿನ ಸ್ಕಿಲ್ ಲ್ಯಾಬ್‌ನಲ್ಲಿ ಅಂತಿಮ ವರ್ಷದವರಿಗಾಗಿ ಒಂದು ಸನ್ನಿವೇಶ ಕಟ್ಟಿದೆ.

ಮಂಚದ ಮೇಲಿನ ಗೊಂಬೆಯೇ ರೋಗಿ. ಹೃದಯ ನಿಂತಿದೆ. ಮೂತ್ರಪಿಂಡ ಸೋತ ಈ ರೋಗಿ ಎರಡು ಸಲ ಡಯಾಲಿಸಿಸ್‌ಗೆ ಬಂದಿಲ್ಲ ಎಂಬ ಸಂಗತಿಯನ್ನು ನಮ್ಮ ಐಸಿಯುವಿನ ಹಿರಿಯ ಸಿಸ್ಟರ್‌ಗೆ ಮಾತ್ರ ತಿಳಿಸಿ, ‘ಕೇಳಿದರಷ್ಟೇ ಹೇಳಿ’ ಎಂದಿದ್ದೆ.

ಮೊದಲ ತಂಡದ ನಾಯಕ ತಾನೇ ಎದೆ ಒತ್ತಲು ನಿಂತ. ನಿಮಿಷಕ್ಕೆ ನೂರರ ಮೇಲೆ, ಐದು ಸೆಂಟಿಮೀಟರ್ ಆಳ, ಕೈಕೆಲಸ ಅಚ್ಚುಕಟ್ಟು. ಆದರೆ ಬಗ್ಗಿ ನಿಂತವನಿಗೆ ಮಾನಿಟರ್ ಕಾಣಲಿಲ್ಲ, ಗಡಿಯಾರ ಕಾಣಲಿಲ್ಲ. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು; ಬದಲಾಗಲಿಲ್ಲ. ‘ಅಡ್ರಿನಲಿನ್ ಕೊಡಿ’ ಎಂದು ಯಾರೋ ಕೂಗಿದರು. ಯಾರಿಗೆ ಹೇಳಿದ್ದೆಂದು ತಿಳಿಯದೆ ಎಲ್ಲರೂ ಪರಸ್ಪರ ಮುಖ ನೋಡಿಕೊಂಡರು. ಸಿಸ್ಟರ್ ಫೈಲ್ ಹಿಡಿದು ಪಕ್ಕದಲ್ಲೇ ಇದ್ದರು.

ಆಮೇಲೆ ಎಲ್ಲರನ್ನೂ ಕೂರಿಸಿ ಎರಡೇ ವಿಷಯ ಮಾತನಾಡಿದೆ: ನಾಯಕ ಎಲ್ಲಿ ನಿಲ್ಲಬೇಕು, ಕೆಲಸವನ್ನು ಹೇಗೆ ವಹಿಸಬೇಕು. ಸಿಸ್ಟರ್‌ಗೆ ಗೊತ್ತಿದ್ದುದನ್ನು ಬಿಚ್ಚಿಡಲಿಲ್ಲ.

ಎರಡನೆಯ ತಂಡದ ಹುಡುಗಿ ಮಂಚದ ಕಾಲ ಬಳಿ ನಿಂತಳು. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ‘ಅಡ್ರಿನಲಿನ್ ಒಂದು ಮಿಲಿಗ್ರಾಂ ಕೊಡು, ಕೊಟ್ಟ ಮೇಲೆ ನನಗೆ ಹೇಳು’ ಎಂದಳು. ‘ಕೊಟ್ಟೆ’ ಎಂಬ ಉತ್ತರ ಬಂತು. ಆಮೇಲೆ ನಾನು ಹೇಳಿಕೊಡದ ಒಂದು ಕೆಲಸ ಮಾಡಿದಳು. ‘ನಮ್ಮಿಂದ ಏನಾದರೂ ಬಿಟ್ಟುಹೋಗಿದೆಯೇ? ಸಿಸ್ಟರ್, ನಿಮಗೇನಾದರೂ ಗೊತ್ತೇ?’

ಸಿಸ್ಟರ್ ಡಯಾಲಿಸಿಸ್ ವಿಷಯ ಹೇಳಿದರು. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಂತಿರಬಹುದೆಂದು ತಂಡಕ್ಕೆ ತಕ್ಷಣ ಹೊಳೆಯಿತು, ಕ್ಯಾಲ್ಸಿಯಂ ಇಂಜೆಕ್ಷನ್ ಬಂತು. ನನಗಾದ ಸಂತೋಷವನ್ನು ಮುಚ್ಚಿಡಲಾಗಲಿಲ್ಲ.

ಮೊದಲ ತಂಡದ ನಾಯಕ ಸಿಸ್ಟರ್ ಕಡೆ ತಿರುಗಿ, ‘ನಾವಿದ್ದಾಗಲೂ ನಿಮಗೆ ಗೊತ್ತಿತ್ತೇ?’ ಎಂದ.

‘ಗೊತ್ತಿತ್ತು ಡಾಕ್ಟರ್. ನೀವು ಕೇಳಲಿಲ್ಲ.’

ಚರ್ಚೆ ಮುಗಿಯುವ ಹೊತ್ತಿಗೆ ಒಬ್ಬಳು ಎದ್ದು ನಿಂತಳು. ‘ವಾರ್ಡಿನಲ್ಲಿ ಹಿರಿಯರ ಎದುರು ಹೀಗೆ ಕೇಳಿದರೆ, ಇವಳಿಗೆ ಏನೂ ಬರುವುದಿಲ್ಲ ಎಂದುಕೊಳ್ಳುವುದಿಲ್ಲವೇ ಸರ್?’ ಅಂದುಕೊಳ್ಳುವವರು ಇದ್ದಾರೆ, ಸುಳ್ಳು ಹೇಳಲಾರೆ ಎಂದೆ. ವಿದ್ಯಾರ್ಥಿಗಳಿಗೆ ಮಾತ್ರ ಕಲಿಸಿದರೆ ಈ ಭಯ ಹೋಗುವುದಿಲ್ಲ. ಮುಂದಿನ ತರಗತಿಗೆ ಸ್ನಾತಕೋತ್ತರ ವಿದ್ಯಾರ್ಥಿಗಳನ್ನೂ ವಿಭಾಗದ ಹಿರಿಯ ವೈದ್ಯರನ್ನೂ ಕರೆದಿದ್ದೇನೆ. ಅವರು ಇದೇ ಹುಡುಗ ಹುಡುಗಿಯರ ನಾಯಕತ್ವದಲ್ಲಿ ಎದೆ ಒತ್ತಲಿದ್ದಾರೆ.