ಎಲ್ಲಾ ಇಲ್ಲೇ ಇದ್ದೀರಾ?

ರಾತ್ರಿ 9 ಗಂಟೆಗೆ ಹಾಸ್ಟೆಲ್‌ನಲ್ಲಿ ತಲೆ ಎಣಿಕೆ. ನಮ್ಮ ವಾರ್ಡನ್ ಸರ್ ಕೈಯಲ್ಲಿ ಮೂರು ಸೆಲ್ಲಿನ ಟಾರ್ಚು ಇರುತ್ತಿತ್ತು. ಹಾಜರಿ ಪುಸ್ತಕ ತೆರೆಯುತ್ತಲೇ ಇರಲಿಲ್ಲ. ಬಾಗಿಲಲ್ಲಿ ನಿಂತು "ಎಲ್ಲಾ ಇಲ್ಲೇ ಇದ್ದೀರೇನ್ರೋ?" ಅನ್ನುತ್ತಿದ್ದರು. "ಇಲ್ಲೇ ಇದ್ದೀವಿ ಸಾರ್" ಅಂತ ನಾವು ಕೂಗಬೇಕು. ಸೆಕೆಂಡ್ ಶೋಗೆ ಗೋಡೆ ಹಾರಿದವನ ಪಾಲಿನದನ್ನೂ ಸೇರಿಸಿ ಜೋರಾಗಿ ಕೂಗುತ್ತಿದ್ದೆವು. ಅವರಿಗೆ ಗೊತ್ತಾಗದೆ ಇರುತ್ತಿತ್ತಾ?

ಭಾನುವಾರ ಸಂಜೆ ಸತ್ಯವೇದದ, ಅಂದರೆ ಬೈಬಲಿನ ತರಗತಿ. ಬರಲೇಬೇಕು ಅಂತೇನಿರಲಿಲ್ಲ. ಮುಗಿದ ಮೇಲೆ ಕಡ್ಲೆಪುರಿ ಕೊಡುತ್ತಿದ್ದರಿಂದ ಎಲ್ಲಾ ಜಾತಿಯ ಹುಡುಗರೂ ಬರುತ್ತಿದ್ದರು. ನಮ್ಮದು ಕ್ರೈಸ್ತರ ಮನೆಯೇ. ಆದರೂ ನಾನು ಹೋಗುತ್ತಿದ್ದದ್ದು ಪುರಿಗೇ.

ಒಂದು ಭಾನುವಾರ ಮಳೆ, ಕರೆಂಟ್ ಇಲ್ಲ. ಸರ್ ಟಾರ್ಚನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ ಫಿಲಿಪ್ಪಿ ಊರಿನ ಸೆರೆಮನೆಯ ಕಥೆ ಹೇಳಿದರು. ಯೇಸುವಿನ ಸುದ್ದಿ ಸಾರುತ್ತಿದ್ದ ಪೌಲ, ಸೀಲ ಇಬ್ಬರಿಗೂ ಬೆನ್ನು ಒಡೆಯುವಂತೆ ಹೊಡೆದು, ಕಾಲಿಗೆ ಕೋಳ ಹಾಕಿ ಒಳಗೆ ತಳ್ಳಿದ್ದಾರೆ. ನಡುರಾತ್ರಿ ಅವರು ಹಾಡುತ್ತಿದ್ದಾರೆ. ಭೂಮಿ ನಡುಗಿತು, ಬಾಗಿಲೆಲ್ಲ ತೆರೆದವು. ನಿದ್ದೆಯಿಂದ ಎದ್ದ ಕಾವಲುಗಾರ ಕೈದಿಗಳೆಲ್ಲ ಓಡಿಹೋದರು ಅಂದುಕೊಂಡು ಕತ್ತಿ ಹಿರಿದ, ತನ್ನ ಮೇಲೇ. ಆಗ ಕತ್ತಲೊಳಗಿಂದ ಪೌಲ ಕೂಗಿದ: ಕೇಡು ಮಾಡಿಕೊಳ್ಳಬೇಡ, ನಾವೆಲ್ಲರೂ ಇಲ್ಲೇ ಇದ್ದೇವೆ.

ನಾವು ನಕ್ಕುಬಿಟ್ಟೆವು. ನಮ್ಮ ಹಾಜರಿ ಕೂಗೇ ಅಲ್ವಾ ಅದು! ಸರ್ ನಗಲಿಲ್ಲ. "ಆಮೇಲೆ ಆ ಮನುಷ್ಯ ದೀಪ ತರಿಸಿ ನಡುಗುತ್ತಾ ಕೇಳಿದ, ರಕ್ಷಣೆ ಸಿಗಬೇಕಾದರೆ ನಾನೇನು ಮಾಡಬೇಕು ಅಂತ. ಪೌಲ ಅದು ಮಾಡು, ಇದು ಮಾಡು ಅನ್ನಲಿಲ್ಲ. ಯೇಸುವನ್ನು ನಂಬು ಅಂದ, ಅಷ್ಟೇ. ಇದು ದುಡಿದು ಸಂಪಾದಿಸೋದಲ್ಲ ಕಣ್ರೋ, ಕೊಟ್ಟಾಗ ಈಸ್ಕೊಳ್ಳೋದು."

ಆ ಉತ್ತರ ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ 16ನೇ ಅಧ್ಯಾಯದ 31ನೇ ವಚನ. ನಮ್ಮವರ ಮನೆಗಳ ಕ್ಯಾಲೆಂಡರಿನಲ್ಲಿ, ಗೋಡೆಯ ಫಲಕದಲ್ಲಿ ಅದು ಇದ್ದೇ ಇರುತ್ತದೆ. ಮೂರೇ ವಚನ ಹಿಂದೆ, 28ರಲ್ಲಿ ಪೌಲನ ಕೂಗಿದೆ. ಅದಕ್ಕೆ ಕಟ್ಟು ಹಾಕಿಸಿದ್ದನ್ನು ನಾನು ಇವತ್ತಿನವರೆಗೂ ಕಂಡಿಲ್ಲ. 28 ಇರದಿದ್ದರೆ 31ನ್ನು ಕೇಳಿಸಿಕೊಳ್ಳಲು ಆ ಮನುಷ್ಯ ಬದುಕಿರುತ್ತಿದ್ದನಾ?

ನಾನು ಹತ್ತನೇ ಕ್ಲಾಸಿನಲ್ಲಿದ್ದ ವರ್ಷ ಅಪ್ಪ ಒಂದು ಎಕರೆಗೆ ಆಲೂಗಡ್ಡೆ ಹಾಕಿದ್ದರು. ಹಾಸನದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೇ ತಿಂಗಳಲ್ಲಿ ಎಪಿಎಂಸಿಗೆ ಜಲಂಧರ್‌ನಿಂದ ಬಿತ್ತನೆ ಗಡ್ಡೆ ಬರುತ್ತದೆ. ಅಪ್ಪ ಸಾಲ ಮಾಡಿ 12 ಮೂಟೆ ತಂದರು. ಗಿಡ ಮೊಣಕಾಲುದ್ದ ಬಂದಿತ್ತು. ಜುಲೈನಲ್ಲಿ ಬಿಡದೆ ಸೋನೆ ಹಿಡಿಯಿತು, ಅಂಗಮಾರಿ ರೋಗ ಬಂತು. ಎಲೆಯ ಅಂಚಿನಲ್ಲಿ ನೀರು ಹೀರಿದಂಥ ಚುಕ್ಕೆ, ಮಾರನೇ ದಿನ ಕಪ್ಪು, ನಾಲ್ಕೈದು ದಿನಕ್ಕೆ ಇಡೀ ಹೊಲ ಬಿಸಿನೀರು ಹೊಯ್ದ ಹಾಗೆ. ಔಷಧಿ ಹೊಡೆದದ್ದೆಲ್ಲ ಮಳೆಗೆ ತೊಳೆದುಹೋಯಿತು. ಕೊಳೆತ ಗಡ್ಡೆಯ ವಾಸನೆ ಈಗಲೂ ನನಗೆ ಹೊಟ್ಟೆ ತೊಳಸುತ್ತದೆ.

ಅಪ್ಪ ಮಾತು ಬಿಟ್ಟರು. ಕತ್ತಲಾದರೂ ಬದುವಿನ ಮೇಲೆ ಕೂತಿರುತ್ತಾರೆ, ಭಯ ಆಗುತ್ತೆ ಕಣೋ ಅಂತ ಅಮ್ಮ ಹಾಸ್ಟೆಲಿಗೆ ಫೋನ್ ಮಾಡಿದರು. ಶಾಲೆ ಬಿಡುತ್ತೇನೆ ಅಂತ ನಾನು ಟ್ರಂಕು ಕಟ್ಟಿದೆ. ಸರ್ ಬುದ್ಧಿವಾದ ಹೇಳಲಿಲ್ಲ. "ಟ್ರಂಕು ಇಲ್ಲೇ ಇರಲಿ. ನಡಿ, ಹೋಗಿ ಬರೋಣ" ಅಂದರು. ಸಾಲಗಾಮೆ ಕಡೆಯ ಕೆಂಪು ಬಸ್ಸು ಹತ್ತಿದೆವು.

ಬದುವಿನ ಮೇಲೆ ಅಪ್ಪನ ಪಕ್ಕ ಸರ್ ಪಂಚೆ ಕೆಸರಾಗುವಂತೆ ಕೂತರು. ಬಹಳ ಹೊತ್ತು ಮಾತೇ ಇಲ್ಲ. ಕೊನೆಗೆ "ಯಜಮಾನ್ರೇ, ನಾವೆಲ್ಲಾ ಇಲ್ಲೇ ಇದ್ದೀವಿ" ಅಂದರು. ಪ್ರಾರ್ಥನೆ ಮಾಡುತ್ತಾರೆ ಅಂತ ನಾನು ಕಾದೆ. ಮಾಡಿದರು, ಆದರೆ ಆಮೇಲೆ, ಮನೆಯಲ್ಲಿ, ತಟ್ಟೆಯ ಮುಂದೆ ಎರಡೇ ಮಾತು. ಅಮ್ಮ ಮುದ್ದೆ, ಉಪ್ಪೆಸರು ಬಡಿಸಿದರು. ಸರ್ ಎರಡನೇ ಮುದ್ದೆ ಹಾಕಿಸಿಕೊಂಡರು. ಅವರನ್ನು ನೋಡಿ ಅಪ್ಪನೂ ಕೈ ತೊಳೆದರು. ಫಿಲಿಪ್ಪಿಯ ಕಾವಲುಗಾರ ಸಹ ಆ ರಾತ್ರಿ ಕೈದಿಗಳ ಗಾಯ ತೊಳೆದು, ದೀಕ್ಷಾಸ್ನಾನ ಮಾಡಿಸಿಕೊಂಡು, ಮನೆಗೆ ಕರೆದು ಊಟ ಬಡಿಸಿದ ಅಂತ ಬರೆದಿದೆ. ನಾನದನ್ನು ಗಮನಿಸಿದ್ದು ಎಷ್ಟೋ ವರ್ಷದ ಮೇಲೆ.

ಸಾಲ ತೀರಲು ನಾಲ್ಕು ವರ್ಷ ಹಿಡಿಯಿತು. ಒಂದು ಜೊತೆ ಎತ್ತು ಹೋದವು. ನಂಬಿದರೆ ಬೆಳೆ ಹಾಳಾಗಲ್ಲ ಅಂತ ಹೇಳುವವರ ಮಾತು ನನಗೆ ಅಂದಿನಿಂದ ಹಿಡಿಸುವುದಿಲ್ಲ. ಪೌಲ ಅದೇ ಫಿಲಿಪ್ಪಿಯವರಿಗೆ ಸಂತೋಷವಾಗಿರಿ ಅಂತ ಪತ್ರ ಬರೆದದ್ದೂ ಇನ್ನೊಂದು ಸೆರೆಯಲ್ಲಿ ಕೂತು. ಅಪ್ಪ ಈಗ ಜೋಳ ಹಾಕುತ್ತಾರೆ.

ಪರೀಕ್ಷೆಗೆ ಮುಂಚೆ ಸರ್ ನಮ್ಮನ್ನು ಶೆಟ್ಟಿಹಳ್ಳಿಗೆ ಕರೆದುಕೊಂಡು ಹೋಗಿದ್ದರು. 1979ರಲ್ಲಿ ಮುಗಿದ ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ, ಬೇಸಿಗೆಗೆ ಮೇಲೆ ಬರುವ ಫ್ರೆಂಚ್ ಮಿಷನರಿಗಳ ಕಾಲದ ಚರ್ಚು. ಸೂರಿಲ್ಲ, ಬಾಗಿಲಿಲ್ಲ. ಅಲ್ಲೂ, ಮಟಮಟ ಮಧ್ಯಾಹ್ನ, ಕಮಾನಿನ ಕೆಳಗೆ ನಿಂತು "ಎಲ್ಲಾ ಇಲ್ಲೇ ಇದ್ದೀರೇನ್ರೋ?" ಒಬ್ಬ ಕಂಬದ ಹಿಂದೆ ಅಡಗಿದ್ದಕ್ಕೆ ಕಿವಿ ಹಿಂಡಿಸಿಕೊಂಡ.

ಹೋದ ತಿಂಗಳು ಅವರಿಗೆ ಫೋನ್ ಮಾಡಿದ್ದೆ. ವಯಸ್ಸಾಗಿದೆ, ಕಿವಿ ಮಂದ. ನಮ್ಮೂರಿಗೆ ಬಂದ ಆ ದಿನ ನೆನಪಿದೆಯಾ ಸಾರ್ ಅಂತ ಎರಡು ಸಲ ಕೂಗಿ ಕೇಳಿದೆ.

"ಇಲ್ದೇ ಏನು ಮಗಾ. ಪಾಪ, ನಿಮ್ಮಮ್ಮ ಅವತ್ತು ಸಾರಿಗೆ ಉಪ್ಪೇ ಹಾಕಿರಲಿಲ್ಲ."