ಡ್ಯಾಮು ಇಳಿದರೆ ಏಳುವ ನಡುಗಡ್ಡೆ

ಭದ್ರಾ ಡ್ಯಾಮಿನ ಗರಿಷ್ಠ ಮಟ್ಟ 186 ಅಡಿ ಅನ್ನೋದು ದಾವಣಗೆರೆ ಕಡೆ ಭತ್ತ ಬೆಳೆಯುವವರ ಮನೆಯಲ್ಲಿ ಮಕ್ಕಳಿಗೂ ಗೊತ್ತು. ಮಟ್ಟ ಇಳಿದರೆ ನಮಗೆ ಚಿಂತೆ. ಆದರೆ ಇಳಿಯಲಿ ಅಂತಲೇ ಕಾಯುವ ಹಕ್ಕಿಗಳೂ ಅಲ್ಲಿವೆ, ರಿವರ್ ಟರ್ನ್ ಅಂತ. ಅವನ್ನ ನೋಡೋಕೆ ಮಾರ್ಚ್ ಕೊನೆಯಲ್ಲಿ ನಾನು, ನಮ್ಮ ಭಾವ ಡ್ಯಾಮು ಇರುವ ಲಕ್ಕವಳ್ಳಿಗೆ ಹೋಗಿದ್ದೆವು. ಭಾವನ ಗದ್ದೆ ಮಲೇಬೆನ್ನೂರು ಕಡೆ, ಡ್ಯಾಮಿನ ನೀರು ಬರುವ ಚಾನೆಲ್‌ನ ಕೊನೆಭಾಗದಲ್ಲಿ. ಹಕ್ಕಿ ಅಂದಿದ್ದರೆ ಖಂಡಿತ ಬರುತ್ತಿರಲಿಲ್ಲ, "ಡ್ಯಾಮು ನೋಡಿ ಬರೋಣ ಬನ್ನಿ ಭಾವ" ಅಂತ ಹೊರಡಿಸಿದೆ.

ಚನ್ನಗಿರಿ, ಭದ್ರಾವತಿ ದಾಟುವಾಗ ಇನ್ನೂ ಕತ್ತಲು. ಬೆಳಗಿನ ಬೋಟಿಗೆ ಮುಂಚೆನೇ ಬುಕ್ ಮಾಡಿದ್ದೆವು.

ನೀರು ಎಷ್ಟು ಇಳಿದಿದೆ ಅಂತ ಗುಡ್ಡದ ಅಂಚಿನ ಕೆಂಪು ಮಣ್ಣೇ ಹೇಳುತ್ತಿತ್ತು. ಭಾವ ಅದನ್ನೇ ನೋಡುತ್ತಾ ಲೆಕ್ಕ ಹಾಕುತ್ತಿದ್ದರು. ಡ್ಯಾಮು ಕಟ್ಟಿದಾಗ ಮುಳುಗಿದ ಕಾಡಿನ ಒಣ ಬೊಡ್ಡೆಗಳು ಅಲ್ಲಲ್ಲಿ ನೀರಿನಿಂದ ಎದ್ದು ನಿಂತಿವೆ. ಒಂದರ ಮೇಲೆ ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿತ್ತು. ದೂರದ ದಡದಲ್ಲಿ ಕಾಡುಕೋಣಗಳು ಮೇಯುತ್ತಿದ್ದವು.

ನಡುಗಡ್ಡೆ ಕಾಣುವ ಮೊದಲೇ ಗದ್ದಲ ಕೇಳಿಸಿತು. ಮರವಿಲ್ಲ, ನೆರಳಿಲ್ಲ, ಬರೀ ಕಲ್ಲು ಮಣ್ಣಿನ ದಿಬ್ಬ. ಮಳೆಗಾಲದಲ್ಲಿ ಇದು ನೀರಿನಡಿ ಇರುತ್ತೆ. ನಮ್ಮ ಗದ್ದೆಗಳಿಗೆ ಬೇಸಿಗೆಯ ನೀರು ಬಿಟ್ಟು ಜಲಾಶಯ ಕೆಳಗಿಳಿದಾಗ ಮಾತ್ರ ತಲೆ ಎತ್ತುತ್ತೆ, ಆಗ ಸಾವಿರಾರು ರಿವರ್ ಟರ್ನ್‌ಗಳು ಇಂಥ ದಿಬ್ಬಗಳ ಮೇಲೆ ಮೊಟ್ಟೆ ಇಡೋಕೆ ಸೇರುತ್ತವೆ. ಸುತ್ತ ನೀರಿರೋದರಿಂದ ನರಿ, ನಾಯಿ ಕಾಟ ಇಲ್ಲ ಅಲ್ವಾ, ಅದೇ ಇವುಗಳಿಗೆ ಬೇಕಾಗಿದ್ದು. ಕಡಲ ಹಕ್ಕಿಗಳ ನೆಂಟರಾದರೂ ಇವು ನದಿ, ಜಲಾಶಯಗಳಲ್ಲೇ ಬದುಕುತ್ತವೆ. ಹಳದಿ ಕೊಕ್ಕು, ಕಪ್ಪು ಟೋಪಿ, ಕತ್ತರಿಯ ಹಾಗೆ ಸೀಳಿದ ಬಾಲ.

ಡ್ರೈವರ್ ಎಂಜಿನ್ ಆಫ್ ಮಾಡಿದರು. ದಿಬ್ಬದ ಮೇಲೆ ಇಳಿಯುವ ಹಾಗಿಲ್ಲ, ಇಳಿಯಲೂಬಾರದು. ಗೂಡು ಅಂದರೆ ನೆಲದಲ್ಲಿ ಒಂದು ಸಣ್ಣ ಗುಳಿ ಅಷ್ಟೇ, ಮೊಟ್ಟೆ ಕಲ್ಲಿನ ಬಣ್ಣದ್ದು, ತುಳಿದರೂ ಗೊತ್ತಾಗೋದಿಲ್ಲ. ಬೈನಾಕ್ಯುಲರ್‌ನಲ್ಲಿ ಒಂದು ಟರ್ನ್ ಮೇಲೆ ಕಣ್ಣಿಟ್ಟೆ. ಅದು ಹಾರಿ ಬಂದು ಹೊಟ್ಟೆಯನ್ನ ನೀರಿಗೆ ತಾಗಿಸಿತು, ಮತ್ತೆ ತಾಗಿಸಿತು, ವಾಪಸ್ ಹೋಗಿ ಒದ್ದೆ ಗರಿಯಲ್ಲೇ ಮೊಟ್ಟೆ ಮೇಲೆ ಕೂತಿತು. ಕಾವು ಕೊಡೋದಕ್ಕಿಂತ ತಂಪು ಮಾಡೋದೇ ಇಲ್ಲಿ ಜಾಸ್ತಿ ಕೆಲಸ. ಪಕ್ಕದಲ್ಲಿ ಗಂಡೊಂದು ಬೆಳ್ಳಿ ಮೀನು ಹಿಡಿದು ಹೆಣ್ಣಿನ ಮುಂದೆ ನಿಂತಿತ್ತು. ಅವಳು ತಿರುಗಿಯೂ ನೋಡಲಿಲ್ಲ. ಭಾವ ನಕ್ಕು, "ಪಾಪ, ಇನ್ನೂ ದೊಡ್ಡ ಮೀನು ಬೇಕೇನೋ" ಅಂದರು.

ಅಷ್ಟರಲ್ಲಿ ಗರುಡವೊಂದು ಮೇಲೆ ಸುಳಿಯಿತು. ಇಡೀ ದಿಬ್ಬವೇ ಎದ್ದ ಹಾಗಾಯ್ತು, ಕಿರುಚಾಟ, ರೆಕ್ಕೆ, ಅದರ ಬೆನ್ನು ಹತ್ತಿ ದಡದ ತನಕ ಓಡಿಸಿ ಬಂದವು. ಇನ್ನೊಂದು ಬೋಟಿನವರು ಅವೆಲ್ಲ ಮತ್ತೊಮ್ಮೆ ಹಾರಲಿ, ಫೋಟೋ ಚೆನ್ನಾಗಿ ಬರುತ್ತೆ ಅಂತ ಸುಮ್ನೆ ಚಪ್ಪಾಳೆ ತಟ್ಟಿದರು. ಸಿಟ್ಟು ಬಂತು. ಆ ಬಿಸಿಲಲ್ಲಿ ತಾಯಿ ಎದ್ದು ಹೋದಷ್ಟು ಹೊತ್ತೂ ಮೊಟ್ಟೆ ಬೇಯುತ್ತೆ.

ಬೋಟ್ ತಿರುಗಿದ ಮೇಲೆ ಭಾವ ಕೇಳಿದರು, "ಅಲ್ಲ, ಈಗ ದಿಢೀರ್ ಮಳೆ ಹೊಡೆದು ನೀರು ಏರಿಬಿಟ್ಟರೆ?" ಮೊಟ್ಟೆ ಮುಳುಗುತ್ತೆ ಅಂದೆ. ಅವರಿಗೆ ಕಷ್ಟಕ್ಕೆ ಬಂತು. ಅವರ ಚಾನೆಲ್‌ಗೆ ಆ ಮಳೆ ಬೇಕೇ ಬೇಕಿತ್ತು. "ಮೇ ತಿಂಗಳ ಆಚೆಗೆ ಬಂದರೆ ಇಬ್ಬರಿಗೂ ಆಗುತ್ತಲ್ಲಯ್ಯ" ಅಂತ ರಾಜಿ ಮಾಡಿಸಿ, ಚೀಲದಿಂದ ಖಾರ ಮಂಡಕ್ಕಿ ತೆಗೆದರು. ಡ್ರೈವರ್ ಬೋಟಲ್ಲಿ ತಿನ್ನಬೇಡಿ ಅಂದರು.